ಹಿರಿಯ ನಾಗರಿಕರ ಸೌಲಭ್ಯ ಸಮೀಕ್ಷೆ

ತಾನು ಮುಂದೆ ಏನಾಗಬೇಕು ಎಂಬುದು ಯೋಗೇಶನಿಗೆ ಗೊತ್ತಿರಲಿಲ್ಲ. ಅದನ್ನು ತಪ್ಪು ಎನ್ನುವಂತಿಲ್ಲ. ಗೊತ್ತಿದ್ದವರು ಎಂ.ಬಿ.ಎ. ಯಾಕೆ ಸೇರುತ್ತಾರೆ? ಚಿತ್ರದುರ್ಗದ ಹೊರಗೆ, ಹೈವೇ ಪಕ್ಕದ ಆ ಕಾಲೇಜಿನಲ್ಲಿ ಎರಡು ವರ್ಷ ಕೂತರೆ ಯಾವುದಾದರೂ ದಾರಿ ತಾನಾಗಿ ಕಾಣಿಸುತ್ತದೆ ಎಂದು ಅವನು ನಂಬಿದ್ದ. ಮೂರು ಸೆಮಿಸ್ಟರ್ ಮುಗಿದರೂ ಕ್ಲಾಸಿನ ಕಿಟಕಿಯಿಂದ ಕಂಡದ್ದು ಗುಡ್ಡದ ಮೇಲಿನ ಗಾಳಿಯಂತ್ರಗಳು ಮಾತ್ರ.

ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಸುಮಿತ್ರಾ ಮೇಡಂ ಎಲ್ಲರಿಗೂ ನೂರು ಪ್ರಶ್ನೆಗಳ ಒಂದು ಪರೀಕ್ಷೆ ಕೊಟ್ಟಿದ್ದರು. ಯಾರು ಯಾವ ಕೆಲಸಕ್ಕೆ ಲಾಯಕ್ಕು ಎಂದು ಅದು ಹೇಳುತ್ತದಂತೆ. ಕೆಲವರಿಗೆ ಬ್ಯಾಂಕು ಬಂತು, ಕೆಲವರಿಗೆ ಮಾರಾಟ ಬಂತು. ಯೋಗೇಶನ ಹಾಳೆಯಲ್ಲಿ "ಯಾವ ಕ್ಷೇತ್ರಕ್ಕಾದರೂ ಹೊಂದಿಕೊಳ್ಳಬಲ್ಲರು" ಎಂದು ಬಂತು. ಅವನು ಹಿಗ್ಗಿ ಮೇಡಂಗೆ ತೋರಿಸಿದ.

"ಹಿಗ್ಗಬೇಡಿ ಯೋಗೇಶ್. ಯಾವ ಕ್ಷೇತ್ರವೂ ನಿಮಗಾಗಿ ಕಾಯ್ತಾ ಇಲ್ಲ ಅಂತ ಇದರ ಅರ್ಥ" ಎಂದರು ಮೇಡಂ.

ಮಾರಿಕಣಿವೆ ಅಣೆಕಟ್ಟಿನ ಹತ್ತಿರದ ಹಟ್ಟಿಯಲ್ಲಿ ಇದೇ ಮಾತನ್ನು ಅವನ ಅಜ್ಜಿ ಜುಂಜಮ್ಮ ಬೇರೆ ರೀತಿ ಕೇಳುತ್ತಿದ್ದಳು. ಅವನು ಟೈ ಕಟ್ಟಿಕೊಂಡು ಬಸ್ಸಿಳಿದಾಗಲೆಲ್ಲ ಅದೇ ಪ್ರಶ್ನೆ.

"ಓದಿ ಏನಾಗ್ತೀಯಪ್ಪ?"

"ಮ್ಯಾನೇಜರ್ ಅಜ್ಜಿ."

"ಯಾತರ ಮ್ಯಾನೇಜರು? ನಿಮ್ಮಪ್ಪನ ಮುಂದೆ ಕುರಿ ಅವೆ. ಮೇಷ್ಟ್ರ ಮುಂದೆ ಹುಡುಗ್ರು ಅವ್ರೆ. ನಿನ್ನ ಮುಂದೆ ಏನೈತೆ?"

ಯೋಗೇಶ ಟೈ ಸರಿ ಮಾಡಿಕೊಳ್ಳುತ್ತಿದ್ದ. ಜುಂಜಮ್ಮನಿಗೆ ಇದು ಹುಡುಗಾಟದ ಪ್ರಶ್ನೆಯಾಗಿರಲಿಲ್ಲ. ಹಟ್ಟಿಯ ಹೆಂಗಸರು ದಿನವೂ "ನಿನ್ನ ಮೊಮ್ಮಗ ಏನು ಮಾಡ್ತಾನೆ?" ಎಂದು ಕೇಳುತ್ತಿದ್ದರು. ಅದಕ್ಕೊಂದು ಉತ್ತರ ಸಿಗದೆ ಕಣ್ಣು ಮುಚ್ಚುವುದಿಲ್ಲವೆಂದು ಅವಳು ಗಟ್ಟಿಯಾಗಿ ಕೂತಿದ್ದಳು.

ಕೊನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಆರು ವಾರ ಒಂದು ಸಂಸ್ಥೆಯಲ್ಲಿ ಕೆಲಸ ಮಾಡಿ ಪ್ರಾಜೆಕ್ಟ್ ರಿಪೋರ್ಟ್ ಕೊಡಬೇಕಿತ್ತು. ಪಟ್ಟಿ ಹಂಚಿದ ದಿನ ಯೋಗೇಶ ಹಟ್ಟಿಯಲ್ಲಿ ಕುರಿಯ ಉಣ್ಣೆ ಕತ್ತರಿಸುವುದಕ್ಕೆ ಅಪ್ಪನ ಜೊತೆ ಕೈ ಹಾಕಿದ್ದ. ಮರುದಿನ ಬಂದಾಗ ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು: "ದುರ್ಗೇಶ್ ಫ್ರೀಜರ್ ಬಾಕ್ಸ್ ಸರ್ವಿಸ್, ಹೊಳಲ್ಕೆರೆ ರಸ್ತೆ." ಐಸ್‌ಕ್ರೀಮಿನ ವ್ಯವಹಾರ ಇರಬೇಕು ಎಂದುಕೊಂಡು ಅವನು ಖುಷಿಯಿಂದಲೇ ಹೋದ.

ದುರ್ಗೇಶ ಒಂದು ಉದ್ದನೆಯ ಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸಿದ. ಗಾಜಿನ ಮುಚ್ಚಳ, ಒಳಗೆ ಸಣ್ಣ ದೀಪ.

"ಇದ್ರಾಗೆ ಏನಿಡ್ತೀರಿ ಸಾರ್?"

"ಮನುಷ್ಯರನ್ನ" ಎಂದ ದುರ್ಗೇಶ. "ಹೋದೋರನ್ನ ಕಣಪ್ಪ. ದೂರದಾಗಿರೋ ಮಕ್ಕಳು ಬರೋ ತನಕ ಮಖ ಕೆಡಬಾರ್ದಲ್ಲ. ಹಿರಿಯೂರಾಗೆ ಒಂದು ಬ್ರಾಂಚ್ ಮಾಡಾಣ ಅಂತಿದ್ದೀನಿ. ಹಳ್ಳಿ ಹಳ್ಳಿಗೆ ಹೋಗಿ ಎಷ್ಟು ಮನೆಗೆ ಬೇಕಾಗ್ತೈತೆ ಅಂತ ಸರ್ವೆ ಮಾಡ್ಕಂಡು ಬಾ. ರಿಪೋರ್ಟು ಸರಿಯಾಗಿ ಬಂತು ಅಂದ್ರೆ ಆ ಬ್ರಾಂಚಿಗೆ ನೀನೇ ಮ್ಯಾನೇಜರು."

ಮ್ಯಾನೇಜರು! ಯೋಗೇಶ ಅವತ್ತೇ ಅಜ್ಜಿಗೆ ಫೋನ್ ಮಾಡಿ ಕೆಲಸ ಸಿಗುತ್ತದೆ ಎಂದ. ಯಾತರದ್ದು ಎಂದು ಅವಳು ಕೇಳುವ ಮುಂಚೆ ಸಿಗ್ನಲ್ ಇಲ್ಲವೆಂದು ಫೋನ್ ಇಟ್ಟ.

ಮೊದಲ ಮನೆ, ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವ ರಸ್ತೆಯ ಹಿರೇಬೇವಿನಹಳ್ಳಿಯ ಹುಚ್ಚಕ್ಕನದು. ಹುಚ್ಚಕ್ಕ ಅಂಗಳ ಗುಡಿಸುತ್ತಿದ್ದಳು. ಯೋಗೇಶ ಪ್ರಾಮಾಣಿಕ ಹುಡುಗ. ಹಾಳೆಯಲ್ಲಿ ಬರೆದುಕೊಂಡದ್ದನ್ನು ಹಾಗೇ ಓದಿದ: "ಮುಂದಿನ ಎರಡು ವರ್ಷದಲ್ಲಿ ನಿಮ್ಮ ಮನೆಯಲ್ಲಿ ತೀರಿಕೊಳ್ಳಬಹುದಾದವರು ಎಷ್ಟು ಮಂದಿ?"

ಹುಚ್ಚಕ್ಕನ ಕೈಯಲ್ಲಿ ಪೊರಕೆ ಮೊದಲೇ ಇತ್ತು. "ನಿನ್ನ ಬಾಯಿಗೆ ಮಣ್ಣು ಹಾಕ! ಬೆಳ್ಬೆಳಗ್ಗೆ ಸಾವು ಕೇಳ್ಕಂಡು ಬಂದಿದ್ದೀಯಾ?" ಎಂದು ಅವಳು ಅಟ್ಟಿಸಿಕೊಂಡು ಬಂದದ್ದಕ್ಕೆ ಬಸ್ ಸ್ಟಾಪಿನವರೆಗೂ ಸಾಕ್ಷಿಗಳಿದ್ದಾರೆ. ಒಂದು ಚಪ್ಪಲಿ ಅವಳ ಅಂಗಳದಲ್ಲೇ ಉಳಿಯಿತು.

ಸುಮಿತ್ರಾ ಮೇಡಂ ಕಥೆಯೆಲ್ಲ ಕೇಳಿ ಬುದ್ಧಿ ಹೇಳಿದರು. "ಸರಕನ್ನು ಹೇಳಬಾರದು ಯೋಗೇಶ್. ಅದರಿಂದ ಆಗುವ ಪ್ರಯೋಜನ ಹೇಳಬೇಕು. ಎರಡು ವರ್ಷದಿಂದ ಇನ್ನೇನು ಕಲಿಸಿದೆವು ನಿಮಗೆ?"

ಯೋಗೇಶ ರಾತ್ರಿಯೆಲ್ಲ ಕೂತು ಫಾರಂ ತಿದ್ದಿದ. ಸಾವು ಎಂಬ ಮಾತು ಹುಡುಕಿದರೂ ಸಿಗದ ಹಾಗೆ ಮಾಡಿದ. ಹಿರಿಯರ ವಯಸ್ಸೆಷ್ಟು, ನಡೆದಾಡುತ್ತಾರೋ ಹಾಸಿಗೆ ಹಿಡಿದಿದ್ದಾರೋ, ದೂರದಿಂದ ಬರಬೇಕಾದವರು ಯಾರು, ಬರಲು ಎಷ್ಟು ಹೊತ್ತು ಬೇಕು, ಪಡಸಾಲೆಯಲ್ಲಿ ಕರೆಂಟಿನ ಪ್ಲಗ್ ಇದೆಯೇ. ಮೇಲೆ ದಪ್ಪ ಅಕ್ಷರದಲ್ಲಿ "ಹಿರಿಯ ನಾಗರಿಕರ ಸೌಲಭ್ಯ ಸಮೀಕ್ಷೆ" ಎಂದು ಹಾಕಿಸಿದ. ಕೊರಳಿಗೆ ಟೈ, ಟೈ ಮೇಲೆ ಕಾಲೇಜಿನ ಗುರುತಿನ ಚೀಟಿ. ಮುಂದಿನ ಅನಾಹುತಕ್ಕೆಲ್ಲ ಕಾರಣ ಅವನ ಈ ಸಭ್ಯತೆಯೇ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಮನುಷ್ಯನ ವಯಸ್ಸು ಯಾರು ಕೇಳುತ್ತಾರೆ ಎಂಬುದರ ಮೇಲೆ ನಿಂತಿದೆ. ಕೂಲಿ ಕೆಲಸ ಕೊಡುವವರು ಕೇಳಿದರೆ ನಲವತ್ತೆಂಟು. ಬೀಗರು ಕೇಳಿದರೆ ಐವತ್ತೈದು. ಕೊರಳಿಗೆ ಚೀಟಿ ನೇತುಹಾಕಿಕೊಂಡು ಫಾರಂ ಹಿಡಿದವನು ಬಂದು ಹಿರಿಯರ ವಯಸ್ಸು ಕೇಳಿದನೋ, ಅವನು ವೃದ್ಧಾಪ್ಯ ವೇತನದವನೇ. ಆಗ ಎಂಬತ್ತಕ್ಕಿಂತ ಕಡಿಮೆ ಹೇಳುವವನು ಮನೆ ಹಾಳು ಮಾಡುವವನು.

ಹುಚ್ಚಕ್ಕನ ಪಕ್ಕದ ಬೀದಿಯ ತಿಮ್ಮರಾಯಪ್ಪ ಆಗಷ್ಟೇ ಹೊಲದಿಂದ ಟಿ.ವಿ.ಎಸ್. ಗಾಡಿಯಲ್ಲಿ ಎರಡು ಹೊರೆ ಹುಲ್ಲು ಹೇರಿಕೊಂಡು ಬಂದು ಇಳಿಸುತ್ತಿದ್ದ. ಅರವತ್ತಾರರ ಗಟ್ಟಿ ಮನುಷ್ಯ. ಯೋಗೇಶ "ಮನೆಯಲ್ಲಿ ಹಿರಿಯರ ವಯಸ್ಸೆಷ್ಟು?" ಎಂದದ್ದೇ ತಡ, ಹುಲ್ಲಿನ ಹೊರೆ ಕೈಯಿಂದ ಬಿತ್ತು. ತಿಮ್ಮರಾಯಪ್ಪ ಗೋಡೆ ಹಿಡಿದುಕೊಂಡ.

"ಲೇ ಹನುಮಿ, ಚಾಪೆ ಹಾಸು!"

ಹೆಂಡತಿ ಹನುಮಮ್ಮ ಒಳಗಿನಿಂದ ಬಂದು ಟೈ ನೋಡಿದಳು, ಫಾರಂ ನೋಡಿದಳು, ಗಂಡನ ಕೈಯಿಂದ ಗಾಡಿಯ ಕೀ ಕಿತ್ತು ಸೆರಗಿಗೆ ಕಟ್ಟಿಕೊಂಡಳು. ಚಾಪೆ ಬಿತ್ತು. ತಿಮ್ಮರಾಯಪ್ಪ ಅದರ ಮೇಲೆ ಬಿದ್ದ.

"ಎಂಬತ್ನಾಕು ಬರ್ಕಳ್ರಿ ಸಾರ್" ಎಂದಳು ಹನುಮಮ್ಮ. "ಮೇಲೇಳದು ಕಷ್ಟ ಆಗೈತೆ. ಬರ್ರಿ, ಕುಂತ್ಕಳ್ರಿ. ಕಾಫಿ ಕುಡೀರಿ."

"ಇದು ಎಲ್ರಿಗೂ ಬರುತ್ತೇನ್ರಿ?" ಚಾಪೆಯಿಂದ ತಿಮ್ಮರಾಯಪ್ಪ ನರಳಿದ.

ಯೋಗೇಶ ಮರುಕದಿಂದ ಚಾಪೆಯ ಕಡೆ ಬಗ್ಗಿದ. "ಎಲ್ಲರಿಗೂ ಬರುತ್ತೆ ಅಜ್ಜ. ಇವತ್ತಲ್ಲ ನಾಳೆ."

"ಆಫೀಸಿಗೆ ಅಲೀಬೇಕಾ?"

"ಏನೂ ಬೇಡ. ಮನೆ ಬಾಗಿಲಿಗೇ ಬರುತ್ತೆ."

"ಗಂಡ ಹೆಂಡ್ತಿ ಇಬ್ರಿಗೂ ಒಟ್ಟಿಗೇನಾ?" ಎಂದಳು ಹನುಮಮ್ಮ.

ಮನೆಗೆ ಒಂದೇ ಪೆಟ್ಟಿಗೆ ಎಂಬುದು ದುರ್ಗೇಶನ ನಿಯಮ. "ಒಟ್ಟಿಗೆ ಕಷ್ಟ ಅಮ್ಮ. ಒಬ್ಬರಾದ ಮೇಲೆ ಒಬ್ಬರಿಗೆ."

"ಮೊದಲು ಯಾರಿಗೆ?"

"ಅದು ನಮ್ಮ ಕೈಲಿಲ್ಲ. ಮೇಲಿಂದ ಬರಬೇಕು."

ಮೇಲೆ ಎಂದರೆ ಬೆಂಗಳೂರು ಎಂದು ಹನುಮಮ್ಮ ತಲೆಯಾಡಿಸಿದಳು. ಹೆಬ್ಬೆಟ್ಟು ಎಲ್ಲಿ ಒತ್ತಬೇಕು ಎಂದು ತಿಮ್ಮರಾಯಪ್ಪ ಕೈ ಚಾಚಿದ. "ನಿಮ್ಮ ಸಹಿ ಬೇಡ ಅಜ್ಜ, ಆ ಹೊತ್ತಿಗೆ ಮಕ್ಕಳು ಮಾಡ್ತಾರೆ" ಎಂದು ಯೋಗೇಶ ಸಮಾಧಾನ ಹೇಳಿದ. ಇದ್ದವಳು ಒಬ್ಬಳೇ ಮಗಳು, ಮಂಗಳಾ. ಮದುವೆಯಾಗಿ ಪುಣೆಯಲ್ಲಿದ್ದಾಳೆ, ಬರಲು ಒಂದು ಇಡೀ ರಾತ್ರಿ. ಅದನ್ನೂ ಬರೆದುಕೊಂಡ. ಪಡಸಾಲೆಯಲ್ಲಿ ಪ್ಲಗ್ ಇರಲಿಲ್ಲ.

"ಮಿಷಿನ್ನು ಇಲ್ಲೇ ತಂದು ಹೆಬ್ಬೆಟ್ಟು ಒತ್ತಿಸ್ಕಂತಾರೆ ಕಣೇ, ಅದಕ್ಕೆ ಕರೆಂಟು" ಎಂದು ಹೆಂಡತಿಗೆ ಪಿಸುಗುಟ್ಟಿದ ತಿಮ್ಮರಾಯಪ್ಪ, ಯೋಗೇಶನ ಕಡೆ ತಿರುಗಿ, "ನಾಳೆನೇ ಹಾಕಿಸ್ತೀನ್ರಿ ಸಾರ್. ಅದೊಂದು ಕಾರಣಕ್ಕೆ ನಮ್ಮ ಹೆಸರು ಹೊಡೀಬ್ಯಾಡ್ರಿ" ಎಂದ.

ಸಾವನ್ನು ಇಷ್ಟು ಧೈರ್ಯವಾಗಿ, ಇಷ್ಟು ಮುಂದಾಲೋಚನೆಯಿಂದ ಎದುರು ನೋಡುವ ಜನರನ್ನು ಯೋಗೇಶ ಕಂಡಿರಲಿಲ್ಲ. ಬಸ್ಸಿನಲ್ಲಿ ಕೂತು ಕಣ್ಣೊರೆಸಿಕೊಂಡ.

ಆಮೇಲೆ ಅವನು ಯಾರ ಮನೆ ಬಾಗಿಲನ್ನೂ ತಟ್ಟಬೇಕಾಗಲಿಲ್ಲ. ಸುದ್ದಿ ಅವನಿಗಿಂತ ಮುಂಚಿನ ಬಸ್ಸಿಗೆ ಹೋಗುತ್ತಿತ್ತು. ಅವನು ಊರಿಗೆ ಕಾಲಿಡುವಷ್ಟರಲ್ಲಿ ಊರಿಗೂರೇ ಹಾಸಿಗೆ ಹಿಡಿದಿರುತ್ತಿತ್ತು. ಬೆಳಗ್ಗೆ ಬೇಲಿ ಹಾರಿ ಕುರಿ ಹಿಡಿದವನು ಹತ್ತು ಗಂಟೆಗೆ ಲಕ್ವ ಹೊಡೆದವನಾಗಿ ಕಂಬಳಿ ಹೊದ್ದಿರುತ್ತಿದ್ದ. ಹುಚ್ಚಕ್ಕ ಕೂಡ ಚಪ್ಪಲಿ ತೊಳೆದು ತಂದುಕೊಟ್ಟು, ತನ್ನ ಅತ್ತೆಗೆ ತೊಂಬತ್ತೊಂದು ಎಂದು ಬರೆಸಿದಳು. ಆ ಅತ್ತೆ ಸತ್ತು ಮೂರು ವರ್ಷವಾಗಿತ್ತು. ಇನ್ನೂರ ಹನ್ನೆರಡು ಮನೆಗಳ ಫಾರಂ ತುಂಬಿತು.

ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ಯೋಗೇಶ ಗ್ರಾಫ್ ತೋರಿಸಿದ. ಗೆರೆ ಮೇಲಕ್ಕೆ ಹೋಗಿ ಹಾಳೆಯ ಆಚೆ ಬಿದ್ದಿತ್ತು. ಇಪ್ಪತ್ತು ಹಳ್ಳಿಗಳಲ್ಲಿ ಎಂಬತ್ತರ ಒಳಗಿನ ಹಿರಿಯರು ಒಬ್ಬರೂ ಇಲ್ಲ, ನಡೆದಾಡುವವರು ಇಲ್ಲವೇ ಇಲ್ಲ. ಹಾಗಾದರೆ ಅಲ್ಲಿ ಹೊಲ ಉಳುವವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಸುಮಿತ್ರಾ ಮೇಡಂ ಚಪ್ಪಾಳೆ ತಟ್ಟಿಸಿದರು. ದುರ್ಗೇಶ ಅಲ್ಲೇ ನಿಂತು ಐದು ಹೊಸ ಪೆಟ್ಟಿಗೆಗಳಿಗೆ ಫೋನ್ ಮಾಡಿದ.

ಹಿರಿಯೂರಿನ ಬ್ರಾಂಚಿಗೆ ಒಂದು ಸೋಮವಾರ ಆರಂಭೋತ್ಸವ. ಗ್ರಾಹಕರ ಮನ ಮುಟ್ಟಬೇಕು ಎಂದು ಪುಸ್ತಕದಲ್ಲಿ ಓದಿದ್ದ ಯೋಗೇಶ ಎಲ್ಲ ಮನೆಗಳಿಗೂ ಸಂದೇಶ ಕಳಿಸಿದ: "ನೋಂದಾಯಿತ ಹಿರಿಯರ ಕುಟುಂಬದವರು ಬರಬೇಕು. ನಿಮ್ಮ ಸೌಲಭ್ಯ ಸಿದ್ಧವಾಗಿದೆ." ಐದು ಮನೆಗೊಬ್ಬರಾದರೂ ಬಂದಾರು ಎಂದು ನಲವತ್ತು ಕುರ್ಚಿ ಹಾಕಿಸಿದ.

ಎಂಟು ಗಂಟೆಗೇ ಹಾಸಿಗೆ ಹಿಡಿದವರೆಲ್ಲ ಬಸ್ಸಿನಿಂದ ಧುಮುಕತೊಡಗಿದರು. ಲಕ್ವದವರು ಟ್ರಾಕ್ಟರಿನಿಂದ ಹಾರಿದರು. ಕೈಯಲ್ಲಿ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್. ಸಾಲಿನಲ್ಲಿ ಮೊದಲು ನಿಂತವನು ತಿಮ್ಮರಾಯಪ್ಪ. ಹಿಂದಿನಿಂದ ನುಗ್ಗಿದ ಇಬ್ಬರನ್ನು ಅವನು ಒಂದೇ ಭುಜದಲ್ಲಿ ತಡೆದ. ಸಾಲಿನ ಪಕ್ಕದಲ್ಲಿ ಗ್ರಾಮ ಆಡಳಿತಾಧಿಕಾರಿ ರಂಗೇಶ್ ಬೆವರುತ್ತಾ ನಿಂತಿದ್ದ. ತನಗೆ ತಿಳಿಯದೆ ತನ್ನ ಹಳ್ಳಿಗಳಿಗೆ ಒಂದು ಯೋಜನೆ ಬಂದಿದೆಯಲ್ಲ ಎಂಬುದು ಅವನ ಭಯ.

"ಏನ್ರಿ, ಆದೇಶದ ಪ್ರತಿ ಎಲ್ಲೈತೆ?" ಎಂದು ಅವನು ಯೋಗೇಶನನ್ನು ಕೇಳುವಷ್ಟರಲ್ಲಿ ದುರ್ಗೇಶ ಶಟರ್ ಎತ್ತಿದ.

ಐದು ಗಾಜಿನ ಪೆಟ್ಟಿಗೆಗಳು ಸಾಲಾಗಿ ಮಲಗಿದ್ದವು. ಸೇವಂತಿಗೆ ಹಾರ, ಒಳಗೆ ದೀಪ. ತುರ್ತು ಇರುವವರಿಗೆ ಮೊದಲು ಎಂದು ಯೋಗೇಶ ಪ್ರತಿ ಪೆಟ್ಟಿಗೆಗೂ ಒಂದೊಂದು ಚೀಟಿ ಅಂಟಿಸಿದ್ದ. ಮೊದಲನೆಯದರ ಮೇಲೆ "ತಿಮ್ಮರಾಯಪ್ಪ, 84, ಹಾಸಿಗೆ ಹಿಡಿದಿದ್ದಾರೆ" ಎಂದಿತ್ತು.

ಸಾಲು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು.

"ಇದೇನಪ್ಪ?" ಎಂದ ತಿಮ್ಮರಾಯಪ್ಪ.

"ನಿಮ್ಮದೇ ಅಜ್ಜ" ಎಂದ ಯೋಗೇಶ, ವಿನಯದಿಂದ.

ಮುಂದಿನದನ್ನು ವಿವರವಾಗಿ ಹೇಳುವುದಕ್ಕೆ ಯೋಗೇಶನಿಗೇ ನೆನಪಿಲ್ಲ. ಹುಚ್ಚಕ್ಕ "ಅವತ್ತೇ ಹೇಳಿದ್ನಲ್ರೋ, ಸಾವು ಕೇಳ್ಕಂಡು ಬಂದೋನು ಇವನು ಅಂತ!" ಎಂದದ್ದು ಕೇಳಿಸಿತು. ನಲವತ್ತು ಕುರ್ಚಿಗಳೂ ಗಾಳಿಯಲ್ಲಿ ಕಂಡವು. ಅವನ ಟೈ ಹನುಮಮ್ಮನ ಕೈಯಲ್ಲಿತ್ತು, ಟೈ ಜೊತೆ ಅವನೂ ಇದ್ದ. ಕೊನೆಗೆ ಜನರನ್ನು ಚದುರಿಸಿದ್ದು ರಂಗೇಶನ ಒಂದೇ ಮಾತು.

"ಸುಳ್ಳು ವಯಸ್ಸು ಬರೆಸಿದೋರು ಯಾರ್ಯಾರು? ಈ ಕಡೆ ಬರ್ರಿ, ಹೆಸರು ಬರ್ಕಂತೀನಿ!"

"ನಂದು ಅರವತ್ತಾರೇ ಸಾರ್!" ಎಂದು ತಿಮ್ಮರಾಯಪ್ಪ ಎದೆ ತಟ್ಟಿಕೊಂಡ. ಒಂದು ನಿಮಿಷದಲ್ಲಿ ಆ ಬೀದಿಯ ಮುದುಕರೆಲ್ಲ ಇಪ್ಪತ್ತು ವರ್ಷ ಚಿಕ್ಕವರಾಗಿ, ಓಡಿ ಹೋದರು.

ಸುಮಿತ್ರಾ ಮೇಡಂ ರಿಪೋರ್ಟನ್ನು ವಾಪಸ್ ಕೊಟ್ಟರು. "ಎಲ್ಲ ಕೇಳಿದಿರಿ ಯೋಗೇಶ್. ನೀವು ಯಾರು ಅಂತ ಮಾತ್ರ ಹೇಳಲಿಲ್ಲ" ಎಂದರು. ಹಾಗೆ ಕಲಿಸಿದ್ದು ಯಾರು ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಪ್ರಾಜೆಕ್ಟ್ ಇಲ್ಲದೆ ಡಿಗ್ರಿ ಇಲ್ಲ, ಡಿಗ್ರಿ ಇಲ್ಲದೆ ಯಾವ ಮ್ಯಾನೇಜರೂ ಇಲ್ಲ. ದುರ್ಗೇಶ ಪೆಟ್ಟಿಗೆಗಳನ್ನು ದಾವಣಗೆರೆಗೆ ಮಾರುವುದಕ್ಕೆ ಗಿರಾಕಿ ಹುಡುಕತೊಡಗಿದ. ಅಲ್ಲಿಯವರೆಗೆ ಅವನ್ನು ಕಾಯಲು ಯೋಗೇಶನನ್ನೇ ಕೂರಿಸಿದ. ಒಂದೂವರೆ ತಿಂಗಳು ಹಿರಿಯೂರು ಸುತ್ತಮುತ್ತ ಹಟಕ್ಕೆ ಬಿದ್ದವರಂತೆ ಜನ ಸಾಯುವುದನ್ನೇ ಕಡಿಮೆ ಮಾಡಿದರು, ಸತ್ತ ಒಬ್ಬಿಬ್ಬರ ಮನೆಯವರು ಐಸ್ ಗಡ್ಡೆ ತರಿಸಿಕೊಂಡರೇ ಹೊರತು ಅವನನ್ನು ಕರೆಯಲಿಲ್ಲ. ಅವನು ದಿನವೂ ಗಾಜು ಒರೆಸುತ್ತಿದ್ದ. ಗಾಜಿನಲ್ಲಿ ತನ್ನದೇ ಮುಖ ಕಾಣುತ್ತಿತ್ತು. ಹಟ್ಟಿಗೆ ಹೋಗುವುದನ್ನು ಬಿಟ್ಟುಬಿಟ್ಟ.

ಒಂದು ಮಧ್ಯಾಹ್ನ ಫೋನ್ ಬಂತು.

"ಯೋಗೇಶಪ್ಪ, ನಾನು ಹನುಮಮ್ಮ" ಎಂದಿತು ಆ ಕಡೆಯ ದನಿ. "ನಮ್ಮ ಯಜಮಾನ್ರು ಹೋದ್ರು ಕಣಪ್ಪ. ಹುಲ್ಲಿನ ಹೊರೆ ಎತ್ತಾಕೆ ಹೋದೋರು ಅಲ್ಲೇ ಕುಂತ್ಕಂಡ್ರು. ಮಂಗಳಾ ಬರಬೇಕು. ನಿಂಗೆ ಎಲ್ಲಾ ಗೊತ್ತೈತಲ್ಲ, ಬರ್ಕಂಡಿದ್ದೀಯಲ್ಲ."

ಯೋಗೇಶ ಟೆಂಪೋದಲ್ಲಿ ಪೆಟ್ಟಿಗೆ ಏರಿಸಿಕೊಂಡು ಹೊರಟ. ಟೈ ಕಟ್ಟಿಕೊಳ್ಳಲಿಲ್ಲ. ಹಿರೇಬೇವಿನಹಳ್ಳಿಯ ಬೀದಿಯಲ್ಲಿ ಜನ ದಾರಿ ಬಿಟ್ಟರು. ಪಡಸಾಲೆಯ ಗೋಡೆಗೆ ಎರಡು ಹೊಸ ಪ್ಲಗ್ ಇದ್ದವು. ಬೆಳ್ಳಗೆ, ಕೊಳೆಯಿಲ್ಲದೆ, ಒಂದು ಸಲವೂ ಯಾರೂ ಬಳಸಿರಲಿಲ್ಲ. ಅವತ್ತು ಹೇಳಿದ ಮಾತಿನಂತೆ ಮರುದಿನವೇ ಹಾಕಿಸಿದ್ದ ತಿಮ್ಮರಾಯಪ್ಪ. ಯೋಗೇಶ ಅದರಲ್ಲೊಂದಕ್ಕೆ ವೈರು ಚುಚ್ಚಿದ. ಪೆಟ್ಟಿಗೆ ಸಣ್ಣಗೆ ಗುಂಯ್ಗುಡತೊಡಗಿತು.

ಆಮೇಲೆ ಅವನು ಕೂರಲಿಲ್ಲ. ಪುಣೆಗೆ ಫೋನ್ ಮಾಡಿ ಮಂಗಳಾಳಿಗೆ ಯಾವ ಬಸ್ಸು, ಎಲ್ಲಿ ಇಳಿಯಬೇಕು ಎಂದು ಹೇಳಿದ. ಹೊತ್ತು ಹೊತ್ತಿಗೆ ಮತ್ತೆ ಮಾಡಿ "ನಿಮ್ಮ ಅಪ್ಪ ಹಾಗೇ ಇದ್ದಾರೆ ಅಕ್ಕ, ಅವಸರ ಮಾಡಬೇಡಿ" ಎಂದ. ಶಾಮಿಯಾನ ಹಾಕಿಸಿದ, ಬಂದವರಿಗೆ ನೀರು ಕೊಡಿಸಿದ, ಕರೆಂಟು ಹೋದಾಗ ಪಂಚಾಯ್ತಿಯವರನ್ನು ಕಾಡಿ ಜನರೇಟರ್ ತರಿಸಿದ. ಹುಚ್ಚಕ್ಕ ಅವನ ಕೈಗೆ ಒಂದು ಲೋಟ ಕಾಫಿ ಇಟ್ಟು ಹೋದಳು. ಮರುದಿನ ಬೆಳಗ್ಗೆ ಮಂಗಳಾ ಓಡಿಬಂದು ಗಾಜಿನ ಮೇಲೆ ಕೈಯಿಟ್ಟು, "ಮಲಗಿದಂಗೇ ಅವ್ರಲ್ಲವ್ವ" ಎಂದು ಅತ್ತಳು. ಯೋಗೇಶ ಕಂಬದ ಹಿಂದೆ ಹೋಗಿ ನಿಂತ.

ಮರಣದ ಮಾಹಿತಿ ಬರೆದುಕೊಳ್ಳಲು ರಂಗೇಶ್ ಬಂದ. "ವಯಸ್ಸು ಅರವತ್ತಾರು, ಅಲ್ಲವಾ?" ಎಂದ.

"ಎಂಬತ್ನಾಕು ಬರೀರಿ ಸಾರ್" ಎಂದಳು ಹನುಮಮ್ಮ. "ಕಾಗದದಾಗಾದ್ರೂ ಅಷ್ಟು ವರ್ಷ ಬಾಳ್ಲಿ."

ರಂಗೇಶ್ ಪೆನ್ನಿನ ಮುಚ್ಚಳ ಹಾಕಿದ. ಎಂಬತ್ತನಾಲ್ಕು ಅವನು ಬರೆಯುವಂತಿರಲಿಲ್ಲ, ಅರವತ್ತಾರು ಬರೆಯಲು ಆ ಹೊತ್ತಿಗೆ ಕೈ ಬರಲಿಲ್ಲ. ನಾಳೆ ಬರುತ್ತೇನೆಂದು ಹೊರಟುಹೋದ. ಹನುಮಮ್ಮ ಯೋಗೇಶನ ಕಡೆ ತಿರುಗಿದಳು.

"ಊರಿಗೂರೇ ಸೇರಿ ನಿಂಗೆ ಸುಳ್ಳು ಹೇಳಿದ್ವಿ ಕಣಪ್ಪ. ನೀನೊಬ್ಬನೇ ನಿಜ ಹೇಳಿದ್ದು. ಎಲ್ರಿಗೂ ಬರುತ್ತೆ ಅಂದೆ. ಮನೆ ಬಾಗಿಲಿಗೇ ಬರುತ್ತೆ ಅಂದೆ. ಒಬ್ರಾದ ಮೇಲೆ ಒಬ್ರಿಗೆ ಅಂದೆ."

ಯೋಗೇಶನಿಗೆ ಅಳು ತಡೆಯಲಾಗಲಿಲ್ಲ. ಸತ್ತವನು ತನ್ನ ಅಪ್ಪನೇನೋ ಎಂಬಂತೆ ಅತ್ತ. ಮಣ್ಣು ಮುಗಿಸಿ ಬಂದವರು ಒಬ್ಬೊಬ್ಬರಾಗಿ, ಬೇರೆ ಕಡೆ ನೋಡುತ್ತಾ, ಅವನ ನಂಬರ್ ಕೇಳಿ ಬರೆದುಕೊಂಡರು. ಈ ಸಲ ಯಾರೂ ಅವನಿಗೆ ವಯಸ್ಸು ಹೇಳಲಿಲ್ಲ.

ದುರ್ಗೇಶ ಪೆಟ್ಟಿಗೆ ಮಾರಲಿಲ್ಲ. ಆ ತಿಂಗಳಲ್ಲೇ ಐದೂ ಪೆಟ್ಟಿಗೆ ಊರೂರು ಸುತ್ತಿದವು. ಯೋಗೇಶ ಹೊಸದಾಗಿ ಒಂದು ರಿಪೋರ್ಟ್ ಬರೆದ, ಗ್ರಾಫ್ ಇಲ್ಲದೆ. ಸುಮಿತ್ರಾ ಮೇಡಂ ಓದಿ ಸಹಿ ಹಾಕಿದರು. ಅವನು ಹಿರಿಯೂರು ಬ್ರಾಂಚಿನ ಮ್ಯಾನೇಜರ್ ಆದ.

ಆ ಭಾನುವಾರ ಹಟ್ಟಿಗೆ ಹೋದ. ಜುಂಜಮ್ಮ ಬಾಗಿಲಲ್ಲೇ ಕೂತಿದ್ದಳು.

"ಏನಾದೆಯಪ್ಪ?"

"ಮ್ಯಾನೇಜರ್ ಅಜ್ಜಿ."

"ಯಾತರ ಮ್ಯಾನೇಜರು?"

ಈ ಸಲ ಅವನು ಹೇಳಿದ. ಪೆಟ್ಟಿಗೆ, ಗಾಜು, ದೀಪ, ತಿಮ್ಮರಾಯಪ್ಪ, ಎಲ್ಲ ಹೇಳಿದ. ಅಜ್ಜಿ ಬೈಯುತ್ತಾಳೆಂದು ಅವನು ಕಾದ.

"ಊರವರ ಮನೆಗೆಲ್ಲ ಹೋಗಿ ಬರ್ಕಂಡೆ" ಎಂದಳು ಜುಂಜಮ್ಮ. "ನಮ್ಮನೆಗೆ ಯಾಕೆ ಬರಲಿಲ್ಲ? ಬರ್ಕೋ."

"ಬೇಡ ಅಜ್ಜಿ."

"ಬರ್ಕೋ ಅಂದ್ನಲ್ಲ."

ಚೀಲದಲ್ಲಿ ಒಂದು ಹಳೆಯ ಫಾರಂ ಇತ್ತು. ತೊಡೆಯ ಮೇಲಿಟ್ಟುಕೊಂಡ. ವಯಸ್ಸು ಕೇಳಿದ.

"ಕಣಿವೆ ಮೊದಲನೇ ಸಲ ಕೋಡಿ ಬಿದ್ದ ಮಾರನೇ ವರ್ಷ ಹುಟ್ಟಿದೋಳು ಅಂತ ನಮ್ಮವ್ವ ಹೇಳ್ತಿದ್ಲು. ಲೆಕ್ಕ ನೀನೇ ಹಾಕ್ಕೋ."

ಲೆಕ್ಕ ತೊಂಬತ್ತು ದಾಟಿತು. ಹಾಸಿಗೆ ಹಿಡಿದಿದ್ದೀಯಾ ಎಂಬ ಪ್ರಶ್ನೆಗೆ ಅವಳು ಎದ್ದು ನಿಂತು ತೋರಿಸಿದಳು. ದೂರದಿಂದ ಬರಬೇಕಾದವರು ಯಾರು ಎಂದು ಅವನು ಫಾರಂ ನೋಡಿಕೊಂಡೇ ಕೇಳಿದ.

"ಇನ್ಯಾರು, ನೀನೇ. ಹಿರಿಯೂರಿಂದ ಎಷ್ಟೊತ್ತು?"

"ಅರ್ಧ ಗಂಟೆ ಅಜ್ಜಿ."

"ಅರ್ಧ ಗಂಟೆಗೆ ಪೆಟ್ಟಿಗೆ ಯಾಕೋ?" ಎಂದಳು ಜುಂಜಮ್ಮ, ಅವನ ತಲೆ ನೇವರಿಸುತ್ತಾ. "ಕಾಯ್ತೀನಿ, ಬಾ."

ಇನ್ನೂರ ಹದಿಮೂರು ಫಾರಂಗಳಲ್ಲಿ ಪೆಟ್ಟಿಗೆ ಬೇಡವೆಂದದ್ದು ಅದೊಂದೇ. ಯೋಗೇಶ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ, ದುರ್ಗೇಶನಿಗೆ ಕೊಡಲಿಲ್ಲ.